ಪೂರ್ವ ದಂಡೆ

“ಸಂಜೆಯ ಹೊತ್ತಿನಲ್ಲಿ ನದಿಯ ಪೂರ್ವ ದಂಡೆಯ ಮೇಲೆ ನಿಂತ ಆ ಹೆಂಗಸಿನ ವಿರಹವನ್ನು ಕವಿಯು ಮನೋಹರವಾಗಿ ವರ್ಣಿಸಿದ್ದಾನೆ. ಪೂರ್ಣವಿರಾಮ. ಬರಕೊಂಡ್ರೇನ? ಮುಂದ.”

ಮಹೇಶ್ವರಿ ಬೆಂಚುಗಳ ನಡುವೆ ನಡೆಯುತ್ತ ಹೇಳಿ ಬರೆಸುತ್ತಿದ್ದಳು. ಕೈಯಲ್ಲಿ ಪುಸ್ತಕವಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ರಾಣೆಬೆನ್ನೂರಿನ ಈ ಕಾಲೇಜಿಗೆ ಸಂಸ್ಕೃತ ಉಪನ್ಯಾಸಕಿಯಾಗಿ ಸೇರಿದ ವರ್ಷ ತಾನೇ ಕೂತು ತಯಾರಿಸಿದ ನೋಟ್ಸು ಅದು. ಇಪ್ಪತ್ತು ವರ್ಷಕ್ಕೂ ಮೇಲೆ ಬಾಯಲ್ಲಿ ಹೊರಳಿ ಹೊರಳಿ ನುಣ್ಣಗಾಗಿತ್ತು. ಬಾಯಿ ಹೇಳುತ್ತಿದ್ದರೆ ಮನಸ್ಸು ಬೇರೆ ಕಡೆ ಇರಬಹುದಿತ್ತು. ಈಗ ಅದು ಹಾವೇರಿಯ ಮನೆಯಲ್ಲಿ ಗ್ಯಾಸಿನ ಒಲೆಯ ಹತ್ತಿರ ಇತ್ತು. ಬೆಳಿಗ್ಗೆ ರೊಟ್ಟಿ ಬಡಿಯುವಾಗಲೇ ಉರಿ ಸಣ್ಣಗಾಗಿತ್ತು. ಮಧ್ಯಾಹ್ನ ಅತ್ತೆ ಅನ್ನಕ್ಕಿಟ್ಟರೆ ಬೇಯುತ್ತದೋ ಇಲ್ಲವೋ.

ಸಂಸ್ಕೃತದ ತರಗತಿ ಎಂದರೆ ಹೀಗೇ. ಪರೀಕ್ಷೆಯಲ್ಲಿ ಉತ್ತರವನ್ನು ಕನ್ನಡದಲ್ಲಿ ಬರೆಯಬಹುದಿತ್ತು. ನಾಲ್ಕು ಶ್ಲೋಕಗಳನ್ನು ಕನ್ನಡ ಲಿಪಿಯಲ್ಲೇ ಗೀಚಿಕೊಂಡು ಬಾಯಿಪಾಠ ಮಾಡಿ, ಉಳಿದದ್ದಕ್ಕೆಲ್ಲ ನೋಟ್ಸಿನ ಸಾಲುಗಳನ್ನು ಇಳಿಸಿದರೆ ತೊಂಬತ್ತು ಅಂಕ. ಕನ್ನಡದಲ್ಲಾಗಲಿ ಹಿಂದಿಯಲ್ಲಾಗಲಿ ಅಷ್ಟು ಬೀಳುತ್ತಿರಲಿಲ್ಲ. ಅದೊಂದು ಕಾರಣಕ್ಕೆ ಹುಡುಗರು ಬರುತ್ತಿದ್ದರು. ಎರಡು ವರ್ಷ ಓದಿ, ನಾಗರಿಯ ಒಂದು ಅಕ್ಷರ ಗುರುತಿಸಲಾರದೆ, ತೊಂಬತ್ತು ತೆಗೆದುಕೊಂಡು ಹೋಗುತ್ತಿದ್ದರು. ಆಮೇಲೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರೆ, “ಮೇಡಂ, ನಿಮ್ಮ ಪೇಪರಿನಿಂದನ ನನಗ ಫಸ್ಟ್ ಕ್ಲಾಸ್ ಬಂತ್ರಿ” ಎಂದು ಕಾಲು ಮುಟ್ಟುತ್ತಿದ್ದರು.

“ಮೇಡಂ.”

ಕಿಟಕಿಯ ಪಕ್ಕದ ಬೆಂಚಿನಲ್ಲಿ ಸ್ನೇಹಾ ಎದ್ದು ನಿಂತಿದ್ದಳು. ಗುತ್ತಲದಿಂದ ಬರುವ ಹುಡುಗಿ. ಅಪ್ಪನದು ಅಲ್ಲಿ ಗೊಬ್ಬರದ ಅಂಗಡಿ. ಅವಳ ಮುಂದೆ ನೋಟಬುಕ್ಕಿನ ಬದಲು ಪಠ್ಯಪುಸ್ತಕ ತೆರೆದಿತ್ತು.

“ನೀ ಯಾಕ ಬರಕೋಳಾಕತ್ತಿಲ್ಲ?”

“ಶ್ಲೋಕದಾಗ ಪಶ್ಚಿಮ ದಂಡಿ ಅಂತ ಐತ್ರಿ ಮೇಡಂ. ನೀವು ಪೂರ್ವ ಅಂದ್ರಿ.”

ಹಿಂದಿನ ಬೆಂಚಿನವನು ಯಾರೋ, “ಯಾ ದಂಡ್ಯಾದ್ರೇನವ್ವಾ, ಗಂಡ ಬರಲಿಲ್ಲಲ್ಲ ಅಕೀಗೆ” ಎಂದ. ತರಗತಿ ನಕ್ಕಿತು.

ಮಹೇಶ್ವರಿ ಪುಸ್ತಕ ಇಸಿದುಕೊಂಡು ನೋಡಿದಳು. ಹೆಸರು ತಿಳಿಯದ ಯಾವನೋ ಕವಿಯ ನಾಲ್ಕು ಸಾಲು. ಪಶ್ಚಿಮ ಎಂದೇ ಇತ್ತು.

“ಮತ್ತ, ಪೂರ್ವ ಆದ್ರ ಅರ್ಥ ಆಗಂಗಿಲ್ರಿ,” ಸ್ನೇಹಾ ಮೆಲ್ಲಗೆ ಹೇಳಿದಳು. “ಆಕಿ ನೆರಳು ನೀರಿನ ಮ್ಯಾಲೆ ಬಿದ್ದು ಆಚಿ ದಂಡಿ ಮುಟ್ಟತು ಅಂತಾನಲ್ರೀ ಕವಿ. ಆಕಿಗೆ ಹೋಗಾಕ ಆಗಲಾರದ ಜಾಗಾಕ್ಕ ನೆರಳು ಹೋತು ಅಂತ. ಸಂಜೀಕ ಸೂರ್ಯ ಹಿಂದ ಇದ್ರನ ನೆರಳು ನೀರಿನ ಮ್ಯಾಲೆ ಬೀಳೂದು. ನಮ್ಮೂರ ಹತ್ರ ಹೊಳಿ ದಂಡಿಗೆ ನಿಂತು ನೋಡೇನ್ರಿ. ಪೂರ್ವ ದಂಡಿಗೆ ನಿಂತ್ರ ನೆರಳು ಹಿಂದಕ್ಕ, ನೆಲದ ಮ್ಯಾಲೆ ಬೀಳತೈತ್ರಿ.”

ಮಹೇಶ್ವರಿ ಆ ನಾಲ್ಕು ಸಾಲನ್ನು ಮತ್ತೊಮ್ಮೆ ಓದಿದಳು. ನೋಟ್ಸು ಬರೆದ ದಿನಗಳಲ್ಲಿ ಅವಳು ಹೊಸ ಸೊಸೆ. ಮನೆಯ ಕೆಲಸ ಮುಗಿಸಿ ಅರ್ಧ ನಿದ್ದೆಯಲ್ಲಿ ಬರೆದಿದ್ದಳು. ಅಂದಿನಿಂದ ಇಂದಿನವರೆಗೆ ಎಷ್ಟು ತಲೆಗಳು ಆ ಸಾಲಿನ ಮೇಲೆ ಬಗ್ಗಿ ಬರೆದುಕೊಂಡವು. ಯಾರೂ ಪುಸ್ತಕ ತೆರೆದು ನೋಡಿರಲಿಲ್ಲ. ತಾನೂ.

“ಪೂರ್ವ ಅಲ್ಲ. ಪಶ್ಚಿಮ ಅಂತ ತಿದ್ದಿಕೋರಿ,” ಎಂದಳು.

“ಬ್ಯಾಡ್ರಿ ಮೇಡಂ,” ಮುಂದಿನ ಬೆಂಚಿನ ಹುಡುಗಿ ಗಾಬರಿಯಾದಳು. “ಗೈಡಿನ್ಯಾಗೂ ಪೂರ್ವ ಐತ್ರಿ. ಝೆರಾಕ್ಸ್ ಅಂಗಡ್ಯಾಗ ಮಾರ್ತಾರಲ್ರಿ, ಅದ್ರಾಗೂ ಪೂರ್ವನ. ಮಾರ್ಕ್ಸ್ ಹೋಗ್ತಾವ್ರಿ.”

ಯಾರ ಪೆನ್ನೂ ಅಲುಗಲಿಲ್ಲ. ಗೈಡಿನಲ್ಲಿ ಇದ್ದದ್ದೂ ಅವಳ ನೋಟ್ಸೇ. ಯಾವ ಕಾಲದಲ್ಲೋ ಯಾರ ಕೈಯಿಂದಲೋ ಹೋಗಿ, ಜಿಲ್ಲೆಯ ತುಂಬ ಹರಡಿ, ಈಗ ಅವಳ ಮಾತಿಗಿಂತ ಗಟ್ಟಿಯಾಗಿ ಕೂತಿತ್ತು.

*

ಸ್ನೇಹಾ ಅವತ್ತು ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದಳು. ಕೇಳಿದ್ದು ಒಂದೇ ಪ್ರಶ್ನೆ: “ಉತ್ತರ ಸಂಸ್ಕೃತದಾಗನ ಬರದ್ರ ನಡೀತೈತೇನ್ರಿ?”

ನಡೆಯುತ್ತದೆ ಎಂದು ಪ್ರಶ್ನೆಪತ್ರಿಕೆಯ ತಲೆಯಲ್ಲೇ ಪ್ರತಿ ವರ್ಷ ಅಚ್ಚಾಗುತ್ತಿತ್ತು. ಆದರೆ ಹಾಗೆ ಬರೆದವರನ್ನು ಮಹೇಶ್ವರಿ ಕಂಡಿರಲಿಲ್ಲ. “ನಡೀತೈತಿ” ಎಂದಳು.

ಅಂದಿನಿಂದ ಹಾವೇರಿಯ ಬಸ್ಸು, ಗುತ್ತಲದ ಬಸ್ಸು ಬರುವವರೆಗೆ ಇಬ್ಬರೂ ಕಲ್ಲುಬೆಂಚಿನ ಮೇಲೆ ಕೂತು ಓದತೊಡಗಿದರು. ಆಟೋದವರ ಕೂಗು, ಶೇಂಗಾ ಮಾರುವವರ ಕೂಗು, ಬೀಜದ ಕಂಪನಿಗಳ ಚೀಲ ಹೊತ್ತವರ ನೂಕಾಟ. ನಡುವೆ ಆ ಹುಡುಗಿ ಒಂದು ಸಮಾಸವನ್ನು ಬಿಡಿಸಿ, ಮತ್ತೆ ಜೋಡಿಸಿ, ತನ್ನಷ್ಟಕ್ಕೆ ನಗುತ್ತಿದ್ದಳು. ಮೊದಲ ಸಲ ಅವಳು ಒಂದು ಹಾಳೆ ಸಂಸ್ಕೃತ ಬರೆದು ತಂದಾಗ ಮಹೇಶ್ವರಿ ಅದನ್ನು ಅಲ್ಲೇ ತಿದ್ದಲಿಲ್ಲ. “ಮನ್ಯಾಗ ನೋಡ್ತೀನಿ” ಎಂದು ಚೀಲಕ್ಕೆ ಹಾಕಿಕೊಂಡಳು. ಮನೆಯಲ್ಲಿ ಎಂ.ಎ. ಕಾಲದ ವ್ಯಾಕರಣದ ಪುಸ್ತಕವನ್ನು ಅಟ್ಟದ ಮೇಲಿನಿಂದ ಇಳಿಸಿ, ಧೂಳು ಒರೆಸಿ, ಒಂದೊಂದೇ ರೂಪ ನೋಡಿಕೊಂಡಳು. ಎಷ್ಟು ಮರೆತಿದ್ದಳು! ಬ್ಯಾಡಗಿಯ ಹೈಸ್ಕೂಲಿನಲ್ಲಿ ಅವಳು ಶ್ಲೋಕ ಹೇಳಿದ ಸ್ವಚ್ಛ ಉಚ್ಚಾರ ಕೇಳಿದ ಮಾಸ್ತರರು ಅಪ್ಪನನ್ನು ಕರೆಸಿ, “ಮೈಲಪ್ಪಾ, ಇಕೀನ್ನ ಬಿಡಿಸಬ್ಯಾಡ, ಮುಂದ ಕಲಸು” ಎಂದಿದ್ದರು. “ಕುರಿ ಕಾಯೋರ ಮನ್ಯಾಗ ಮಂತ್ರ ಹುಟ್ಟೇತಿ ನೋಡ್ರಿ” ಎಂದು ಅಪ್ಪ ಮೆಣಸಿನಕಾಯಿ ಪೇಟೆಯ ತುಂಬ ಹೇಳಿಕೊಂಡು ತಿರುಗಿದ್ದ. ಧಾರವಾಡದಲ್ಲಿ ಎಂ.ಎ. ಓದುವಾಗ ಅವಳು ಕಂಡ ಕನಸಿನಲ್ಲಿ ಪೂರ್ಣವಿರಾಮ ಹೇಳಿ ಬರೆಸುವುದು ಇರಲಿಲ್ಲ.

“ಏನವ್ವಾ, ಮತ್ತ ಪರೀಕ್ಷಾ ಕಟ್ಟೀ ಏನ?” ಅತ್ತೆ ಗುಡ್ಡವ್ವ ಪುಸ್ತಕ ನೋಡಿ ಕೇಳಿದಳು.

“ಇಲ್ರಿ ಅತ್ತಿ. ಒಂದು ಹುಡುಗಿ ಓದಾಕತ್ತೈತಿ.”

“ಓದೂದು ಹುಡುಗಿ, ನಿದ್ದಿಗೆಡೂದು ನೀನ?”

ಆ ಚಳಿಗಾಲ ಮಹೇಶ್ವರಿ ಬಸ್ಸು ತಡವಾಗಲಿ ಎಂದು ಬಯಸಿದಳು. ಸ್ನೇಹಾ ಒಂದು ದಿನ, “ನಾನೂ ನಿಮ್ಮಂಗ ಸಂಸ್ಕೃತ ಎಂ.ಎ. ಮಾಡ್ತೀನ್ರಿ ಮೇಡಂ” ಎಂದಾಗ ಅವಳಿಗೆ ಸಂತೋಷವಾಯಿತು. ಅದರ ಹಿಂದೆಯೇ, ಎಂ.ಎ. ಮಾಡಿ ಈ ಹುಡುಗಿ ಎಲ್ಲಿಗೆ ಹೋಗಬೇಕು ಎಂಬ ಯೋಚನೆ ಬಂತು. ತನ್ನ ಜಾಗ ತನ್ನ ನಿವೃತ್ತಿಯ ಜೊತೆ ಮುಗಿಯುತ್ತದೆ, ಮತ್ತೆ ತುಂಬುವುದಿಲ್ಲ ಎಂದು ಸಂಸ್ಥೆಯವರು ಆಗಲೇ ಹೇಳಿದ್ದರು. ಆದರೂ ಬಾಯಿಂದ ಬಂದದ್ದು, “ಮಾಡುವಂತಿ. ಮೊದಲ ಈ ಪೇಪರ್ ಛಲೋ ಬರಿ. ಸಂಸ್ಕೃತದಾಗನ ಬರಿ” ಎಂದು.

*

ಏಪ್ರಿಲ್ ಕೊನೆಯಲ್ಲಿ ಮೌಲ್ಯಮಾಪನ. ಹಾವೇರಿಯ ಒಂದು ಕಾಲೇಜಿನ ಸಭಾಂಗಣದಲ್ಲಿ ಎಲ್ಲ ಕಡೆಯ ಉತ್ತರಪತ್ರಿಕೆಗಳು ಬಂದಿದ್ದವು. ಹೆಸರಿಲ್ಲ, ಊರಿಲ್ಲ, ಬರೀ ಗುಪ್ತ ಸಂಖ್ಯೆ. ತಮ್ಮ ಕಾಲೇಜಿನ ಪತ್ರಿಕೆ ತಮಗೆ ಬರುತ್ತಿರಲಿಲ್ಲ. ಸಂಸ್ಕೃತಕ್ಕೆ ಒಂದೇ ಮೇಜು. ಎದುರಿಗೆ ಅಂದಾನೆಪ್ಪ ಸರ್ ಕೂತಿದ್ದರು. ಬೇರೆ ತಾಲೂಕಿನವರು, ಇನ್ನೇನು ನಿವೃತ್ತಿಯ ಅಂಚಿನಲ್ಲಿದ್ದವರು. ದವಡೆಯಲ್ಲಿ ಅಡಿಕೆಚೂರು ಇಟ್ಟುಕೊಂಡು ಬೆರಳಿಗೆ ನೀರು ಹಚ್ಚಿ ಹಾಳೆ ತಿರುಗಿಸುವುದರಲ್ಲಿ ಅವರ ಕೈ ಯಂತ್ರದ ಹಾಗೆ.

ಮಹೇಶ್ವರಿಯ ಕಟ್ಟಿನಲ್ಲಿ ಒಂದಾದ ಮೇಲೊಂದು ಪತ್ರಿಕೆಯಲ್ಲಿ ಅದೇ ಸಾಲು. ‘ಪೂರ್ವ ದಂಡೆಯ ಮೇಲೆ ನಿಂತ ಆ ಹೆಂಗಸಿನ ವಿರಹವನ್ನು ಕವಿಯು ಮನೋಹರವಾಗಿ…’ ಗೊತ್ತಿಲ್ಲದ ಊರುಗಳ ಗೊತ್ತಿಲ್ಲದ ಕೈಗಳು ಅವಳ ಮಾತನ್ನು ಅವಳಿಗೇ ಬರೆದು ಕಳಿಸಿದ್ದವು. ಪಕ್ಕದಲ್ಲಿ ಮಾದರಿ ಉತ್ತರದ ಹಾಳೆ ಇತ್ತು. ಅದರಲ್ಲಿಯೂ ‘ಪೂರ್ವ ದಂಡೆ – ಎರಡು ಅಂಕ, ವಿರಹ – ಎರಡು ಅಂಕ’. ಮಾದರಿ ಉತ್ತರ ಮಾಡಿದವರೂ ಗೈಡನ್ನೇ ನೋಡಿದ್ದರು.

“ಇದು ತಪ್ಪೈತ್ರಿ ಸರ್,” ಅವಳು ಹಾಳೆ ತೋರಿಸಿದಳು. “ಪಶ್ಚಿಮ ಆಗಬೇಕು.”

“ಇರಲಿ ಬಿಡ್ರಿ ಮೇಡಂ. ಎಲ್ಲಾರೂ ಒಂದ ತಪ್ಪು ಬರದ್ರ ಅದು ಸರಿ ಆದಂಗ. ಈಗ ತಿದ್ದಾಕ ಹೋದ್ರ ಎಲ್ಲಾ ಕಟ್ಟು ಬಿಚ್ಚಿ ಮತ್ತ ಮೊದಲಿಂದ ನೋಡಬೇಕಾಗ್ತೈತಿ. ಊಟಕ್ಕ ಹೋಗೂ ಹೊತ್ತಾತು.” ಅಷ್ಟರಲ್ಲಿ ಅವರ ಕೈ ನಿಂತಿತು. “ಆ… ಇಲ್ಲಿ ನೋಡ್ರಿ ಇಲ್ಲಿ! ಯಾರೋ ಮಹಾನುಭಾವರು ಸಂಸ್ಕೃತದಾಗ ಬರದಾರ!”

ಬೇರೆ ಮೇಜಿನವರೂ ಒಂದಿಬ್ಬರು ಬಗ್ಗಿ ನೋಡಿ ನಕ್ಕರು. ಮಹೇಶ್ವರಿ ಇದ್ದಲ್ಲಿಂದಲೇ ಅಕ್ಷರ ನೋಡಿದಳು. ಮೇಲಿನ ಗೆರೆಯನ್ನು ಪದ ಮುಗಿದ ಮೇಲೆ ಒಂದೇ ಎಳೆತಕ್ಕೆ ಎಳೆಯುವ ಆ ರೂಢಿ ತಾನೇ ಸ್ನೇಹಾಗೆ ಕಲಿಸಿದ್ದು.

“ಛಲೋ ಐತೇನ್ರಿ ಸರ್?” ಪೆನ್ನು ಕೆಳಗಿಟ್ಟು ಕೇಳಿದಳು.

ಅಂದಾನೆಪ್ಪ ಸರ್ ಕನ್ನಡಕ ಏರಿಸಿ ಒಂದು ಪುಟ ಓದಿದರು. ನಿಧಾನವಾಗಿ, ತುಟಿ ಅಲುಗಿಸುತ್ತ. ಆಮೇಲೆ ಕನ್ನಡಕ ತೆಗೆದರು.

“ತಪ್ಪು ಅದಾವ.”

“ಸ್ವಂತ ಬರದವರದಾಗ ತಪ್ಪು ಇರ್ತಾವ್ರಿ ಸರ್. ಉಳಿದವರು ಸ್ವಂತ ಬರದ ಇಲ್ಲಲ್ರಿ, ತಪ್ಪು ಎಲ್ಲಿಂದ ಬರಬೇಕು?”

ಅವರು ಅವಳ ಮುಖ ನೋಡಿದರು. ಸ್ವಲ್ಪ ಮುಂದೆ ಬಾಗಿ, ಯಾರಿಗೂ ಕೇಳದ ಹಾಗೆ ಹೇಳಿದರು: “ಖರೇ ಹೇಳ್ತೇನಿ ತಂಗಿ. ಎಲ್ಲಿ ತಪ್ಪೈತಿ, ಎಲ್ಲಿ ಸರಿ ಐತಿ ಅಂತ ಹೇಳೂ ಧೈರ್ಯ ನನಗಿಲ್ಲ. ನಾನು ಸಂಸ್ಕೃತದಾಗ ಒಂದು ವಾಕ್ಯ ಬರದು ಎಷ್ಟು ವರ್ಷ ಆತೋ. ಮಾದರಿ ಉತ್ತರ ಕನ್ನಡದಾಗೈತಿ, ಇದನ್ನ ಯಾವುದಕ್ಕ ತಾಳೆ ಹಾಕಲಿ? ಹೆಚ್ಚು ಕೊಟ್ಟು ನಾಳೆ ಯಾರರ ಕೇಳಿದ್ರ? ಕಡಿಮಿ ಕೊಟ್ಟ್ರ ಯಾರೂ ಕೇಳಂಗಿಲ್ಲ. ಪಾಸ್ ಮಾಡ್ತೀನಿ. ಪಾಪ, ಕಷ್ಟಪಟ್ಟಾರ.”

“ನಾ ನೋಡ್ಲೇನ್ರಿ ಸರ್ ಅದನ್ನ?”

“ನೋಡ್ರಿ ಬೇಕಾದ್ರ.” ಅವರು ಪತ್ರಿಕೆ ಮುಂದೆ ಸರಿಸಿ, ಕೈ ಬಿಡದೆ, ಮೆಲ್ಲಗೆ ಕೇಳಿದರು. “ನಿಮ್ಮ ಪೈಕಿನೇನ್ರಿ?”

ಹೌದು ಎಂದರೆ ಗುಪ್ತ ಸಂಖ್ಯೆ ಒಡೆದ ಹಾಗೆ. ಸ್ನೇಹಾಳ ಪರೀಕ್ಷೆಯೇ ರದ್ದಾಗಬಹುದು. ಅಲ್ಲ ಎಂದು ಸುಳ್ಳು ಹೇಳಿ ಓದಿದರೆ, ಅವರು ತನ್ನ ಮುಖ ನೋಡಿಯೇ ತಿಳಿದುಕೊಳ್ಳುವವರು. ಮಹೇಶ್ವರಿ ಕೈ ಹಿಂದಕ್ಕೆ ತೆಗೆದುಕೊಂಡಳು.

“ಇಲ್ರಿ. ಸುಮ್ನ ಕೇಳಿದೆ.”

ಅಂದಾನೆಪ್ಪ ಸರ್ ಕೆಂಪು ಪೆನ್ನಿನಿಂದ ಪುಟದ ಅಂಚಿನಲ್ಲಿ ಸಣ್ಣ ಸಣ್ಣ ಅಂಕ ಹಾಕುತ್ತ ಹೋದರು. ನೆರಳು ನೀರಿನ ಮೇಲೆ ಬಿದ್ದ ಉತ್ತರಕ್ಕೆ ಬಂದಾಗ ಒಂದು ಗಳಿಗೆ ನಿಂತು ಮಾದರಿ ಹಾಳೆ ನೋಡಿದರು. ‘ಪಶ್ಚಿಮ’ ಎಂಬುದರ ಸುತ್ತ ಒಂದು ವೃತ್ತ ಎಳೆದು ಸೊನ್ನೆ ಹಾಕಿದರು. ಮಹೇಶ್ವರಿ ತನ್ನ ಕಟ್ಟಿನ ಮುಂದಿನ ಪತ್ರಿಕೆ ತೆರೆದಳು. ಪೂರ್ವ ದಂಡೆ. ಎರಡು ಅಂಕ ಹಾಕಿದಳು.

*

ಬ್ಯಾಡಗಿಯಿಂದ ಅಣ್ಣ ಕಳಿಸಿದ ಮೆಣಸಿನಕಾಯಿ ಬಿಸಿಲಿಗೆ ಹರಡಿತ್ತು. ವರ್ಷದ ಖಾರದ ಪುಡಿಗೆ ಮೇ ತಿಂಗಳಲ್ಲೇ ತೊಟ್ಟು ಬಿಡಿಸಿ ಗಿರಣಿಗೆ ಹಾಕಬೇಕು. ಅತ್ತೆ ಸೊಸೆ ಇಬ್ಬರೂ ಪಡಸಾಲೆಯಲ್ಲಿ ಕೂತು ಬಿಡಿಸುತ್ತಿದ್ದಾಗ ಸ್ನೇಹಾಳ ತಾಯಿ ನೀಲಗಂಗವ್ವ ಮಗಳನ್ನು ಕರೆದುಕೊಂಡು ಬಂದಳು. ಫಲಿತಾಂಶ ಬಂದು ಎರಡು ದಿನವಾಗಿತ್ತು.

“ಬರ್ರಿ, ಕುಂದರ್ರಿ,” ಎಂದಳು ಗುಡ್ಡವ್ವ. “ಖಾರ ಐತಿ, ಸೆರಗು ಸಂಬಾಳಿಸಿಕೋರಿ.”

ನೀಲಗಂಗವ್ವ ಕುಳಿತುಕೊಳ್ಳಲಿಲ್ಲ. “ಅಕ್ಕಾರ, ನಾ ಜಗಳಾ ಮಾಡಾಕ ಬಂದಿಲ್ಲ. ಒಂದು ಮಾತು ಹೇಳ್ರಿ ಸಾಕು. ಎಲ್ಲಾದ್ರಾಗೂ ಎಂಬತ್ತು, ತೊಂಬತ್ತು ತಗದಾಳ. ನಿಮ್ಮದ್ರಾಗ ಮೂವತ್ತೆಂಟು. ಇವರಪ್ಪ ಅಂಗಡ್ಯಾಗ ಕುಂತ್ರ ಬಂದ್ ಬಂದವರೆಲ್ಲಾ ಕೇಳ್ತಾರ. ಇಕಿ ಜೋಡಿ ಓದಿದ ದಡ್ಡಿಗೋಳೆಲ್ಲಾ ತೊಂಬತ್ತು! ಮನ್ಯಾಗ ಇಪ್ಪತ್ನಾಕು ತಾಸು ನಿಮ್ಮದ ಪುಸ್ತಕ ಹಿಡಕೊಂಡು ಕುಂದರತಿತ್ತು ಈ ಹುಡುಗಿ. ಅಡಗಿ ಮನ್ಯಾಗೂ ಅದ. ಹಂಗಾದ್ರ ಏನಾತ್ರಿ?”

“ದೇವರ ಭಾಷಾ ಅಂತಾರವ್ವಾ,” ಗುಡ್ಡವ್ವ ತೊಟ್ಟು ಮುರಿಯುತ್ತ ಹೇಳಿದಳು. “ದೇವರಿಗೇ ಈಗ ನೌಕರಿ ಇಲ್ಲ, ಆತನ ಭಾಷಾದಾಗ ಬರದ್ರ ಯಾರು ಮಾರ್ಕ್ಸ್ ಕೊಡಬೇಕು?”

ಮಹೇಶ್ವರಿಗೆ ಕೈ ಉರಿಯುತ್ತಿತ್ತು. ಆ ಮೇಜು, ಆ ವೃತ್ತ, ಆ ಸೊನ್ನೆ, ಎಲ್ಲ ಬಾಯಿಯ ತುದಿಯವರೆಗೆ ಬಂತು. ಹೇಳಿದರೆ ಗುಪ್ತ ಸಂಖ್ಯೆಯ ಪತ್ರಿಕೆಯನ್ನು ತಾನು ಗುರುತಿಸಿದ್ದು ಹೊರಬರುತ್ತದೆ. ಮರುಮೌಲ್ಯಮಾಪನಕ್ಕೆ ಹಾಕು ಎನ್ನಬಹುದಿತ್ತು, ಅದೂ ಇದೇ ಮಾದರಿ ಉತ್ತರ ಹಿಡಿದೇ ನಡೆಯುತ್ತದೆ.

“ತಪ್ಪು ನಂದೈತ್ರಿ,” ಎಂದಳು. “ಸಂಸ್ಕೃತದಾಗ ಬರಿ ಅಂತ ನಾನ ಹೇಳಿದ್ದೆ.”

“ಸಂಸ್ಕೃತದ ಪರೀಕ್ಷಾ ಸಂಸ್ಕೃತದಾಗ ಬರೀಲಾರದ ಮತ್ತೇನ್ರಿ?” ಎಂದಳು ನೀಲಗಂಗವ್ವ ಕಕ್ಕಾಬಿಕ್ಕಿಯಾಗಿ. ಆಮೇಲೆ ಗೋಡೆಗೆ ಒರಗಿ ಕುಳಿತಳು.

ಸ್ನೇಹಾ ಆಗಲೇ ರಾಶಿಯ ಬದಿಗೆ ಕೂತು ತೊಟ್ಟು ಬಿಡಿಸುತ್ತಿದ್ದಳು. ತಲೆ ಎತ್ತಿರಲಿಲ್ಲ. ಅಳುವೂ ಇರಲಿಲ್ಲ. ಬಿಡಿಸಿದ ಕಾಯಿಗಳನ್ನು ಒಂದು ಕಡೆ, ತೊಟ್ಟುಗಳನ್ನು ಒಂದು ಕಡೆ ಅಚ್ಚುಕಟ್ಟಾಗಿ ಹಾಕುತ್ತ ಹೇಳಿದಳು:

“ಆ ಪೇಪರ್ ಮತ್ತ ಬರೀಬಹುದಂತ್ರಿ ಮೇಡಂ. ನನಗ ನೋಟ್ಸ್ ಇಲ್ಲ. ನಾ ಬರಕೊಂಡಿದ್ದಿಲ್ಲ. ನೀವು ಕೊಟ್ಟ್ರ ಬಾಯಿಪಾಠ ಮಾಡ್ತೀನ್ರಿ.”

“ಸ್ನೇಹಾ…”

“ಪೂರ್ವ ಅಂತ ಬರೀತೀನ್ರಿ ಈ ಸಲ.”

ಮಹೇಶ್ವರಿ ಒಳಗೆ ಹೋಗಿ ಹಳೆಯ ನೋಟ್ಸಿನ ಕಟ್ಟು ತಂದು ಕೊಟ್ಟಳು. ಹುಡುಗಿ ಅದನ್ನು ಎರಡೂ ಕೈಯಿಂದ ಇಸಿದುಕೊಂಡಳು. ಎಂ.ಎ.ಯ ಮಾತು ಇಬ್ಬರೂ ಎತ್ತಲಿಲ್ಲ. ಬಾಗಿಲು ದಾಟುವಾಗ ನೀಲಗಂಗವ್ವ ಹಿಂದೆ ತಿರುಗಿ, “ಮೊದಲ ಇದನ್ನ ಕೊಟ್ಟಿದ್ರ ಆಗತಿತ್ತಲ್ರೀ ಅಕ್ಕಾರ” ಎಂದಳು. ಸಿಟ್ಟಿನಿಂದಲ್ಲ, ದಣಿವಿನಿಂದ.

ಮಹೇಶ್ವರಿಯ ಗಂಡ ಕನಕರಾಜ ಸಂಜೆ ಅಂಗಡಿಯಿಂದ ಬಂದು ವಿಷಯ ಕೇಳಿದ. “ನಿನಗ್ಯಾಕ ಬೇಕಿತ್ತು ಇದು? ಎಲ್ಲಾರಂಗ ಬರಸಿ ಬಿಟ್ಟಿದ್ರ ಮುಗೀತಿತ್ತು,” ಎಂದು ಟಿ.ವಿ. ಹಚ್ಚಿದ.

*

ಪ್ರಾಚಾರ್ಯ ವಿಜಯಮಹಾಂತೇಶ ಸರ್ ಜೂನ್ ಮೊದಲ ವಾರ ಅವಳನ್ನು ಕರೆದರು. ಕೆಟ್ಟ ಮನುಷ್ಯನಲ್ಲ. ಚಹ ತರಿಸಿದರು.

“ಸುದ್ದಿ ಹಬ್ಬೇತ್ರಿ ಮೇಡಂ. ಕಾಲೇಜಿಗೇ ಫಸ್ಟ್ ಬರೂ ಹುಡುಗಿಗೆ ಸಂಸ್ಕೃತದಾಗ ಮೂವತ್ತೆಂಟು ಅಂತ. ಉಳಿದವರ ತೊಂಬತ್ತು ಯಾರ ಕಣ್ಣಿಗೂ ಬೀಳವಲ್ದು. ಈ ವರ್ಷ ಮೊದಲನೇ ವರ್ಷಕ್ಕ ಇಲ್ಲೀತನಕ ಒಬ್ಬರೂ ಸಂಸ್ಕೃತ ಬರಸಿಲ್ಲ. ಹದಿನೈದು ಮಂದಿ ಆಗಲಿಲ್ಲ ಅಂದ್ರ ಆಡಳಿತ ಮಂಡಳಿ ವಿಭಾಗ ಮುಚ್ಚತೈತಿ. ನಿಮ್ಮ ಪಗಾರಕ್ಕ ಏನೂ ಆಗಂಗಿಲ್ಲ. ಆದ್ರ ನೀವು ಹೆಚ್ಚುವರಿ ಅಂತ ಆಗ್ತೀರಿ. ಸ್ಕಾಲರ್‌ಶಿಪ್ ಅರ್ಜಿ, ಗ್ರಂಥಾಲಯ, ಹಂಗ ಏನರ ನೋಡಿಕೋಬೇಕಾಗ್ತೈತಿ. ಇನ್ನೂ ಎಷ್ಟು ವರ್ಷ ಐತಿ ನಿಮ್ಮ ಸರ್ವಿಸ್?”

“ಎಂಟು ವರ್ಷ ಐತ್ರಿ.”

“ಎಂಟು ವರ್ಷ ಅರ್ಜಿ ಜೋಡಸ್ಕೋತ ಕುಂದರೂದು ಬ್ಯಾಡ್ರಿ. ಹಳ್ಳಿಗೆ ಹೋಗಿ ಬರ್ರಿ. ಹಾವೇರಿ ಕಡೀ ಹಳ್ಳಿಗೋಳು ನಿಮ್ಮ ಪಾಲಿಗೆ. ಹಿಂದಿ ಮೇಡಂನ್ನ ಜೋಡಿ ಕರಕೊಂಡು ಹೋಗ್ರಿ. ಮತ್ತ ಆ ಹುಡುಗಿ ಬಗ್ಗೆ ಯಾರರ ಕೇಳಿದ್ರ, ನೋಟ್ಸ್ ಓದಿದ್ದಿಲ್ಲ ಅಂತ ಹೇಳ್ರಿ. ಸುಳ್ಳೇನಲ್ಲಲ್ಲ ಅದು.”

ಸುಳ್ಳಲ್ಲ. ಅದೇ ಅವಳನ್ನು ಬಸ್ಸಿನ ದಾರಿಯುದ್ದಕ್ಕೂ ಕಾಡಿತು.

ಪ್ರತಿ ಜೂನ್‌ನಲ್ಲಿ ಹೀಗೆ ಹಳ್ಳಿ ತಿರುಗುವುದು ಉಪನ್ಯಾಸಕರಿಗೆಲ್ಲ ರೂಢಿಯಾಗಿತ್ತು. ಪಿಯುಸಿ ಮುಗಿಸಿದವರ ಮನೆ ಕೇಳಿಕೊಂಡು ಹೋಗಿ, ನಮ್ಮ ಕಾಲೇಜಿಗೇ ಕಳಿಸಿರಿ, ನನ್ನ ವಿಷಯವನ್ನೇ ಕೊಡಿಸಿರಿ ಎಂದು ಕಟ್ಟೆಯ ಮೇಲೆ ಕೂತು ಚಹ ಕುಡಿದು ಬರುವುದು. ಹಾವೇರಿ ಹತ್ತಿರದ ಅಗಡಿಯಲ್ಲಿ ಇಳಿದಾಗ ಮೋಡವಿತ್ತು, ಮಳೆಯಿರಲಿಲ್ಲ. ಹಿಂದಿ ಕಲಿಸುವ ಮಹಮೂದಾಬೇಗಂ ಛತ್ರಿಯನ್ನು ಕೋಲಿನ ಹಾಗೆ ಊರುತ್ತ ಇಳಿದಳು.

“ಪಂಡಿತರ, ನೀವು ಆ ಓಣಿ ಹಿಡೀರಿ, ನಾ ಈ ಓಣಿ ಹಿಡೀತೀನಿ. ನನಗ ಈ ವರ್ಷ ಹುಡುಗರು ಹೆಚ್ಚಾಗ್ಯಾರ. ನನ್ನ ಓಣ್ಯಾಗ ಸಿಕ್ಕವರನ್ನೂ ನಿಮಗ ಬರಸ್ತೀನಿ. ನೋಡ್ರಿ, ಒಬ್ಬ ಮುಸಲ್ಮಾನರ ಹೆಣ್ಣುಮಗಳು ಸಂಸ್ಕೃತಕ್ಕ ಭಿಕ್ಷಾ ಬೇಡೂ ಕಾಲ ಬಂತು!”

“ಕುರುಬರ ಹೆಣ್ಣುಮಗಳಿಗಾಗಿ ಬೇಡ್ರಿ, ಪುಣ್ಯ ಬರತೈತಿ.”

ಇಬ್ಬರೂ ನಕ್ಕು ಬೇರೆಯಾದರು.

ಮೊದಲ ಮನೆ ಹೊಳಿಯವ್ವನದು. ಮಗಳು ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದಿದ್ದಳು. ಅಂಗಳದಲ್ಲಿ ಬಟ್ಟೆ ಹಿಂಡುತ್ತಿದ್ದಳು. ಹೊಳಿಯವ್ವ ಕಂಬಳಿ ಹಾಸಿ ಕೂರಿಸಿದಳು.

“ಸಂಸ್ಕೃತ ತಗೊಂಡ್ರ ಮಾರ್ಕ್ಸ್ ಬಾಳ ಬೀಳ್ತಾವ ಅಂತಾರ. ಖರೇನ್ರಿ ಅಕ್ಕಾರ?”

“ತೊಂಬತ್ತರ ಮ್ಯಾಲೆ ಬೀಳ್ತಾವ್ರಿ.” ಇಪ್ಪತ್ತು ಜೂನ್‌ಗಳಲ್ಲಿ ಹೇಳಿದ ಮಾತು ಅದು. ತಾನಾಗಿಯೇ ಬಂತು.

“ಮತ್ತ ಗುತ್ತಲದ ಹುಡುಗೀದು ಹಂಗ್ಯಾಕಾತ್ರಿ? ಭಾರಿ ಶಾಣ್ಯಾಕಿ ಅಂತಿದ್ರು.”

ಮಹೇಶ್ವರಿ ಚಹದ ಕಪ್ಪು ಕೆಳಗಿಟ್ಟಳು. “ಆಕಿ ನೋಟ್ಸ್ ಓದಿದ್ದಿಲ್ರಿ.”

“ಹಂಗನ್ರಿ ಮತ್ತ!” ಹೊಳಿಯವ್ವನ ಮುಖ ಹಗುರಾಯಿತು. “ಓದಲಾರದ ಹುಡುಗಿ ಅನ್ರಿ. ಹೆಸರಿಗಷ್ಟ ಶಾಣ್ಯಾಕಿ.”

“ಹೂಂ,” ಎಂದಳು ಮಹೇಶ್ವರಿ.

“ನಮ್ಮಾಕಿ ಓದ್ತಾಳ್ರಿ. ಹೇಳಿದ್ದನ್ನ ಹೇಳಿದಂಗ ಬಾಯಾಗ ಇಟಗೋತಾಳ. ಬರಸ್ಕೋರಿ ಆಕೀ ಹೆಸರು.”

ಮಹೇಶ್ವರಿ ಹೊಸಿಲು ದಾಟಿ ಓಣಿಗೆ ಬಂದಳು. ಮುಂದಿನ ಮನೆಯ ಬಾಗಿಲು ಹತ್ತಿರದಲ್ಲೇ ಇತ್ತು. ಅಲ್ಲಿಯೂ ಇದೇ ಪ್ರಶ್ನೆ ಬರುತ್ತದೆ, ಇದೇ ಉತ್ತರ ಕೊಡಬೇಕು. ಹದಿನೈದು ಮನೆಯಲ್ಲಿ ಹದಿನೈದು ಸಲ. ಆಮೇಲೆ ಆ ಹದಿನೈದು ಮಂದಿ ಬೆಂಚಿನ ಮೇಲೆ ಕೂತು, ತಲೆ ಬಗ್ಗಿಸಿ, ಪೂರ್ವ ದಂಡೆ ಎಂದು ಬರೆದುಕೊಳ್ಳುತ್ತಾರೆ. ಪಶ್ಚಿಮ ಎಂದು ಹೇಳಿದರೂ ತಿದ್ದುವುದಿಲ್ಲ. ತಿದ್ದಿದರೆ ಅಂಕ ಹೋಗುತ್ತದೆ. ಅವರಲ್ಲಿ ಯಾರಾದರೂ ಒಬ್ಬಳು ಪುಸ್ತಕ ತೆರೆದು ನೋಡಿಬಿಟ್ಟರೆ? ಹಿಂದೆ ಹೊಳಿಯವ್ವನ ಮಗಳು ಬಟ್ಟೆ ಜಾಡಿಸಿ ಹಗ್ಗಕ್ಕೆ ಹಾಕುವ ಸದ್ದು ಕೇಳುತ್ತಿತ್ತು. ಜೊತೆಗೆ ಏನನ್ನೋ ಗುನುಗುತ್ತಿದ್ದಳು. ನಾಲಿಗೆ ಸ್ವಚ್ಛವಾಗಿತ್ತು. ಮಹೇಶ್ವರಿಯ ಕಿವಿಗೆ ಅದು ತಕ್ಷಣ ಗೊತ್ತಾಯಿತು. ಬ್ಯಾಡಗಿಯ ಮಾಸ್ತರರಿಗೂ ಹೀಗೇ ಗೊತ್ತಾಗಿರಬೇಕು.

ಅವಳು ತಿರುಗಿ ಹೊಳಿಯವ್ವನ ಹೊಸಿಲಿಗೆ ಬಂದಳು.

“ಯಾಕ್ರಿ ಅಕ್ಕಾರ, ಏನರ ಮರತ್ರೇನ?”

“ಹೂಂ ರಿ. ಮರತೆ.” ಕಂಬ ಹಿಡಿದುಕೊಂಡಳು. “ಸಂಸ್ಕೃತದ ಸೀಟು ತುಂಬ್ಯಾವ್ರಿ. ಹಿಂದಿ ಬರಸ್ರಿ. ಮಹಮೂದಾ ಮೇಡಂ ಅಂತ ಅದಾರ, ಛಲೋ ಕಲಸ್ತಾರ.”

“ಅಯ್ಯ, ತುಂಬೇ ಬಿಟ್ಟಾವ? ಬಾಳ ಮಂದಿ ಬರತಾರ ಅನ್ನಸ್ತೈತಿ.”

“ಹೌದ್ರಿ. ಬಾಳ ಮಂದಿ.”

ಮುಂದಿನ ಮನೆಯಲ್ಲಿ ಅವಳು ಹಾಗೆಯೇ ಹೇಳಿದಳು. ಅದರಾಚೆಯ ಮನೆಯಲ್ಲಿಯೂ. ಮೂರನೆಯ ಸಲ ಕಂಬ ಹಿಡಿದುಕೊಳ್ಳಲಿಲ್ಲ. ಓಣಿ ಮುಗಿಯಿತು.

ಬಸ್ಸಿನ ಕಟ್ಟೆಯ ಮೇಲೆ ಮಹಮೂದಾಬೇಗಂ ಚಪ್ಪಲಿ ಬಿಟ್ಟು ಕಾಲು ಒತ್ತಿಕೊಳ್ಳುತ್ತಿದ್ದಳು. “ಎಷ್ಟು ಮಂದಿ ಸಿಕ್ರು ಪಂಡಿತರ?”

“ಯಾರೂ ಒಪ್ಪಲಿಲ್ರಿ.”

“ಒಬ್ಬರೂ?” ಅವಳು ಛತ್ರಿಯಿಂದ ನೆಲಕ್ಕೆ ಕುಟ್ಟಿದಳು. “ನನ್ನ ಓಣ್ಯಾಗೂ ಅದ ಹಾಡು. ಗುತ್ತಲದ ಹುಡುಗಿ, ಗುತ್ತಲದ ಹುಡುಗಿ. ಇರಲಿ, ತಲಿ ಕೆಡಿಸ್ಕೋಬ್ಯಾಡ್ರಿ. ನಾಳೆ ಗುತ್ತಲಕ್ಕ ಹೋಗೂಣು. ಅಲ್ಲಿ ಊರು ದೊಡ್ಡದೈತಿ. ನಾಡದು ಬ್ಯಾಡಗಿ ಕಡೆ. ಹದಿನೈದು ಮಂದಿ ಸಿಗಂಗಿಲ್ಲೇನು? ನೀವು ಬಾಯಿ ಬಿಟ್ಟು ಕೇಳ್ರಿ ಅಷ್ಟ.”

“ಕೇಳ್ತೀನ್ರಿ,” ಎಂದಳು ಮಹೇಶ್ವರಿ.

ಹಾವೇರಿಯ ಬಸ್ಸು ಬಂತು. ಕಿಟಕಿಯ ಸೀಟನ್ನು ಮಹಮೂದಾಬೇಗಂಗೆ ಬಿಟ್ಟುಕೊಟ್ಟು ಅವಳು ಪಕ್ಕದಲ್ಲಿ ಕುಳಿತಳು. ಗುತ್ತಲದಲ್ಲೂ ಸೀಟು ತುಂಬಿವೆ ಎಂದು ಹೇಳಬೇಕಿತ್ತು. ಅಲ್ಲಿಗೆ ಮೊದಲ ಬಸ್ಸು ಎಷ್ಟು ಹೊತ್ತಿಗೆ ಎಂದು ಕಂಡಕ್ಟರನನ್ನು ಕೇಳಿ ತಿಳಿದುಕೊಂಡಳು.